ಮನೆ ಬದಲಾಯಿತು, ಗಡಿಯಾರ ನಿಂತಿತು

ಸಾಮಾನು ಸಾಗಿಸಿ ಮುಗಿದಿದೆ. ಆಳೆತ್ತರದ ಲೋಲಕ ಗಡಿಯಾರವನ್ನು ನಾಲ್ಕು ಜನ ಹೊತ್ತು ತಂದು ಹೊಸ ಮನೆಯ ಮೂಲೆಯಲ್ಲಿ ನಿಲ್ಲಿಸಿದ್ದಾರೆ. ತೂಕಗಳನ್ನು ನೇತುಹಾಕಿ, ಲೋಲಕ ತಗುಲಿಸಿ, ಬೆರಳಿನಿಂದ ಮೆಲ್ಲಗೆ ತಳ್ಳಿದಿರಿ. ಟಿಕ್, ಟಾಕ್. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸದ್ದಡಗಿತು. ಮತ್ತೆ ತಳ್ಳಿದರೆ ಮತ್ತೆ ಹತ್ತೇ ನಿಮಿಷ. ಹಳೆಯ ಮನೆಯಲ್ಲಿ ವರ್ಷಗಟ್ಟಲೆ ಚಕಾರವೆತ್ತದೆ ಓಡಿದ್ದು ಇಲ್ಲಿಗೆ ಬಂದ ದಿನವೇ ಮುಷ್ಕರ ಹೂಡಿದೆ. ದಾರಿಯಲ್ಲಿ ಏನೋ ಮುರಿದಿರಬೇಕು ಎಂದು ಎಲ್ಲರೂ ಸಾಗಾಣಿಕೆಯವರನ್ನು ಶಪಿಸಲು ಶುರು ಮಾಡುತ್ತಾರೆ.

ಹೆಚ್ಚಿನ ಸಲ ಏನೂ ಮುರಿದಿರುವುದಿಲ್ಲ. ಈ ಗಡಿಯಾರದ ಯಂತ್ರ ಮರದ ಪೆಟ್ಟಿಗೆಯೊಳಗೇ ಮುಗಿಯುತ್ತದೆ ಎಂದು ನಾವು ತಿಳಿದಿರುವುದೇ ತಪ್ಪು. ಅದು ನಿಂತ ನೆಲ, ಬೆನ್ನು ಕೊಟ್ಟ ಗೋಡೆ, ಕಡೆಗೆ ಆ ಜಾಗದ ಗುರುತ್ವಾಕರ್ಷಣೆ ಕೂಡ ಅದರ ಬಿಡಿಭಾಗಗಳೇ. ಮನೆ ಬದಲಿಸುವಾಗ ನಾವು ಪೆಟ್ಟಿಗೆಯನ್ನಷ್ಟೇ ತಂದು, ಉಳಿದ ಬಿಡಿಭಾಗಗಳನ್ನು ಹಳೆಯ ಮನೆಯಲ್ಲೇ ಬಿಟ್ಟು ಬಂದಿರುತ್ತೇವೆ. ಹಾಗಾಗಿ ಮೊದಲು ಬೇಕಾಗುವುದು ಸ್ಕ್ರೂಡ್ರೈವರ್ ಅಲ್ಲ, ಕಿವಿ. ಇದು ನನಗೆ ತಿಳಿದದ್ದು ಒಂದು ಭಾನುವಾರವಿಡೀ ಕಂಡ ಕಂಡ ಸ್ಕ್ರೂಗಳನ್ನೆಲ್ಲ ಬಿಗಿದು ಸುಸ್ತಾದ ಮೇಲೆ. ಕೊನೆಗೆ ಗಡಿಯಾರ ಓಡಿದ್ದು ಅದರ ಒಂದು ಕಾಲಿನ ಕೆಳಗೆ ನಾಲ್ಕಾಗಿ ಮಡಿಚಿಟ್ಟ ಹಳೆಯ ಲಗ್ನಪತ್ರಿಕೆಯಿಂದ!

ಕಿವಿಗೊಟ್ಟು ಕೇಳಿ

ಲೋಲಕವನ್ನು ತೂಗಿಬಿಟ್ಟು, ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿ. ಟಿಕ್ ಮತ್ತು ಟಾಕ್‌ಗಳ ನಡುವಿನ ಬಿಡುವು ಎರಡೂ ಕಡೆ ಒಂದೇ ಆಗಿದೆಯೇ? ಟಿಕ್, ಟಾಕ್, ಟಿಕ್, ಟಾಕ್ ಎಂದು ಮಟ್ಟಸವಾಗಿ ನಡೆದರೆ ಸರಿ. ಟಿಕ್‌ಟಾಕ್... ಟಿಕ್‌ಟಾಕ್... ಎಂದು ಎರಡೆರಡಾಗಿ ಒತ್ತಿಕೊಂಡು ಬಂದರೆ, ಅದು ಒಂದು ಕಾಲಿಗೆ ಮುಳ್ಳು ಚುಚ್ಚಿಕೊಂಡವನ ನಡಿಗೆ. ಅಂಥ ಗಡಿಯಾರ ಬೇಗನೆ ನಿಲ್ಲುತ್ತದೆ. ರಿಪೇರಿಯವರು ಇದನ್ನು ಬೀಟ್ ತಪ್ಪಿದೆ ಎನ್ನುತ್ತಾರೆ. ಜಾಗ ಬದಲಿಸಿದ ಗಡಿಯಾರ ನಿಲ್ಲುವುದಕ್ಕೆ ಇದಕ್ಕಿಂತ ಸಾಮಾನ್ಯ ಕಾರಣ ಇನ್ನೊಂದಿಲ್ಲ.

ಬೀಟ್ ಏಕೆ ತಪ್ಪುತ್ತದೆ ಎಂದು ತಿಳಿಯಲು ಒಳಗೆ ಒಮ್ಮೆ ಇಣುಕಬೇಕು. ತೂಕದ ಭಾರ ಹಲ್ಲುಚಕ್ರಗಳ ಸಾಲನ್ನು ತಿರುಗಿಸುತ್ತದೆ. ಸಾಲಿನ ಕೊನೆಯಲ್ಲಿರುವುದು ಎಸ್ಕೇಪ್ ಚಕ್ರ. ಸೆಕೆಂಡಿನ ಮುಳ್ಳಿರುವ ಹಳೆಯ ಗಡಿಯಾರಗಳಲ್ಲಿ ಅದಕ್ಕೆ 30 ಹಲ್ಲು, ನಿಮಿಷಕ್ಕೆ ಒಂದು ಸುತ್ತು. ಅದರ ನೆತ್ತಿಯ ಮೇಲೆ ಹಡಗಿನ ಲಂಗರಿನ ಆಕಾರದ ಉಕ್ಕಿನ ತುಂಡೊಂದು ಏತದಂತೆ ಆಡುತ್ತಿರುತ್ತದೆ. ಅದರ ಒಂದು ತೋಳು ಚಕ್ರದ ಹಲ್ಲನ್ನು ಬಿಟ್ಟಾಗ ಇನ್ನೊಂದು ತೋಳು ಮತ್ತೊಂದು ಹಲ್ಲನ್ನು ಹಿಡಿಯುತ್ತದೆ. ಎಡತೋಳಿಗೆ ಹಲ್ಲು ಬಡಿದ ಸದ್ದು ಟಿಕ್, ಬಲತೋಳಿಗೆ ಬಡಿದದ್ದು ಟಾಕ್. ಜಾರಿಹೋಗುವ ಪ್ರತಿ ಹಲ್ಲೂ ಹೋಗುವಾಗ ತೋಳಿಗೆ ಒಂದು ಸಣ್ಣ ನೂಕು ಕೊಡುತ್ತದೆ. ಲಂಗರಿನಿಂದ ಕೆಳಕ್ಕೆ ಇಳಿದಿರುವ ಕವಲುಕಡ್ಡಿ ಆ ನೂಕನ್ನು ಲೋಲಕಕ್ಕೆ ತಲುಪಿಸುತ್ತದೆ. ತೊಟ್ಟಿಲು ತೂಗುವವರು ಪ್ರತಿ ಸಲ ಬೆರಳ ತುದಿಯಿಂದ ಮುಟ್ಟಿಬಿಡುವ ಹಾಗೆ.

ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1656ರಲ್ಲಿ ಮೊದಲ ಲೋಲಕ ಗಡಿಯಾರವನ್ನು ರೂಪಿಸಿದಾಗ ಲೋಲಕ ಬಹಳ ಅಗಲಕ್ಕೆ ಬೀಸಬೇಕಾಗಿತ್ತು. 1670ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಈ ಲಂಗರು ಬಂದ ಮೇಲೆ ಕೆಲವೇ ಡಿಗ್ರಿಗಳ ಬೀಸು ಸಾಕಾಯಿತು. ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಲೋಲಕ ಕಿರಿದಾದ ಪೆಟ್ಟಿಗೆಯಲ್ಲಿ ಹಿಡಿಸುವಂತಾದದ್ದು ಆಗಲೇ. ನಿಮ್ಮ ಮೂಲೆಯಲ್ಲಿ ನಿಂತಿರುವ ಆಳೆತ್ತರದ ಆಕಾರ ಹುಟ್ಟಿದ್ದು ಹೀಗೆ. ಆದರೆ ಬೀಸು ಕಿರಿದಾದಷ್ಟೂ ತಪ್ಪಿಗೆ ಅವಕಾಶವೂ ಕಿರಿದು. ಪೆಟ್ಟಿಗೆ ಒಂದು ಕಡೆ ಸ್ವಲ್ಪವೇ ವಾಲಿದರೂ ಸಾಕು, ಲೋಲಕ ಮಾತ್ರ ಭೂಮಿಯ ಮಾತು ಕೇಳಿ ನೆಟ್ಟಗೆ ತೂಗುತ್ತದೆ, ಚಕ್ರವೂ ಅದನ್ನು ಹಿಡಿದ ಹಿತ್ತಾಳೆ ಫಲಕಗಳೂ ಪೆಟ್ಟಿಗೆಯ ಜೊತೆ ವಾಲಿರುತ್ತವೆ. ಒಂದು ಬದಿಯಲ್ಲಿ ಹಲ್ಲು ಬೇಗ ಬಿಡುಗಡೆಯಾಗುತ್ತದೆ, ಇನ್ನೊಂದು ಬದಿಯಲ್ಲಿ ಲೋಲಕ ಎಷ್ಟು ದೂರ ಹೋದರೂ ಸಾಲದು. ಬೀಸು ಸೊರಗುತ್ತಾ ಬಂದು, ಒಂದು ಸಲ ಹಲ್ಲು ಬಿಡುಗಡೆಯಾಗದೆ ಉಳಿದರೆ ಆಟ ಮುಗಿಯಿತು.

ರಸಮಟ್ಟ ಇಟ್ಟು ಪೆಟ್ಟಿಗೆಯನ್ನು ನೆಟ್ಟಗೆ ಮಾಡುವುದು ಒಳ್ಳೆಯ ಆರಂಭ. ಆದರೆ ಅಲ್ಲಿಗೇ ನಿಲ್ಲಬೇಡಿ. ರಸಮಟ್ಟದ ಗುಳ್ಳೆ ನಡುಮಧ್ಯದಲ್ಲಿದ್ದೂ ಬೀಟ್ ತಪ್ಪಿರುವುದುಂಟು; ಹಳೆಯ ಮನೆಯ ನೆಲ ವಾಲಿದ್ದರೆ ಯಾರೋ ಅದಕ್ಕೆ ತಕ್ಕಂತೆ ಕವಲುಕಡ್ಡಿಯನ್ನು ಬಾಗಿಸಿಟ್ಟಿರುತ್ತಾರೆ. ಅಂಥ ಗಡಿಯಾರಕ್ಕೆ ಸಮತಟ್ಟಾದ ನೆಲವೇ ವಕ್ರವಾಗಿ ಕಾಣುತ್ತದೆ. ಗುಳ್ಳೆಯ ಮಾತಿಗೂ ಕಿವಿಯ ಮಾತಿಗೂ ತಕರಾರು ಬಂದರೆ ಕಿವಿಯನ್ನೇ ನಂಬಿ.

ಯಾವ ಕಡೆ ಎಷ್ಟು ತಪ್ಪಿದೆ ಎಂದು ಪತ್ತೆ ಹಚ್ಚುವ ಉಪಾಯ ಸರಳ. ಮುಳ್ಳುಗಳನ್ನು ನಡೆಸುವ ತೂಕ (ಮೂರಿದ್ದರೆ ಸಾಮಾನ್ಯವಾಗಿ ನಡುವಿನದು) ನೇತಾಡುತ್ತಿರಲಿ. ಲೋಲಕದ ಬಿಲ್ಲೆ ಅಲುಗಾಡದೆ ನಿಂತಿರುವಾಗ ಅದರ ತುದಿಯ ನೇರಕ್ಕೆ ಪೆಟ್ಟಿಗೆಯ ಹಿಂಭಾಗದಲ್ಲಿ ಒಂದು ಕಾಗದದ ಪಟ್ಟಿ ಅಂಟಿಸಿ ಗುರುತು ಹಾಕಿ. ಬಿಲ್ಲೆಯನ್ನು ಬೆರಳಿನಿಂದ ಎಡಕ್ಕೆ ಬಹಳ ನಿಧಾನವಾಗಿ ಸರಿಸಿ, ಸದ್ದು ಕೇಳಿದ ಜಾಗದಲ್ಲಿ ಇನ್ನೊಂದು ಗುರುತು. ಬಳಿಕ ಬಲಕ್ಕೆ ಸರಿಸಿ, ಸದ್ದು ಬಂದಲ್ಲಿ ಮತ್ತೊಂದು. ನಡುವಿನ ಗುರುತಿನಿಂದ ಎರಡೂ ಕಡೆಯ ದೂರ ಒಂದೇ ಇದ್ದರೆ ಬೀಟ್ ಸರಿಯಿದೆ. ಎಡಕ್ಕೆ ಎರಡು ಬೆರಳಗಲ ಹೋಗಬೇಕು, ಬಲಕ್ಕೆ ಅರ್ಧ ಬೆರಳಿಗೇ ಸದ್ದು ಬರುತ್ತದೆ ಎಂದಾದರೆ, ಸದ್ದು ಬೇಗ ಬಂದ ಬಲಬದಿಯನ್ನು ಸ್ವಲ್ಪ ಎತ್ತರಿಸಬೇಕು. ಆ ಬದಿಯ ಕಾಲುಗಳ ಕೆಳಗೆ ದಪ್ಪ ರಟ್ಟನ್ನು ಮಡಿಚಿ ತೂರಿಸಿ ಮತ್ತೆ ಕೇಳಿ. ಗಡಿಯಾರ ಓಡತೊಡಗಿದರೆ ರೋಗ ಗೊತ್ತಾದಂತೆ. ಕಾಲಿನಲ್ಲೇ ತಿರುಗಿಸಿ ಏರಿಸುವ ಸ್ಕ್ರೂಗಳಿದ್ದರೆ ಅವುಗಳಿಂದಲೇ ಸರಿಪಡಿಸಿ.

ರಟ್ಟು ಇಟ್ಟು ಪೆಟ್ಟಿಗೆ ಕಣ್ಣಿಗೆ ಹೊಡೆಯುವಷ್ಟು ವಾಲಿದರೆ ಕವಲುಕಡ್ಡಿಯನ್ನೇ ಬಾಗಿಸಬೇಕಾಗುತ್ತದೆ. ಅದನ್ನೂ ಸದ್ದು ಬೇಗ ಬಂದ ಬದಿಗೇ, ಕೂದಲೆಳೆಯಷ್ಟು. ಕಡ್ಡಿಯ ಮೇಲ್ಭಾಗವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಕೆಳಭಾಗವನ್ನು ಮಾತ್ರ ಒತ್ತಬೇಕು. ಇಲ್ಲವಾದರೆ ಒತ್ತಡವೆಲ್ಲ ಲಂಗರಿನ ಮೇಲೂ ಚಕ್ರದ ಹಲ್ಲುಗಳ ಮೇಲೂ ಬೀಳುತ್ತದೆ. ಕೈ ನಡುಗುವವರು ಇದಕ್ಕೆ ಹೋಗದಿರುವುದೇ ಲೇಸು.

ಇತ್ತೀಚಿನ ದಶಕಗಳ ಹಲವು ಗಡಿಯಾರಗಳಿಗೆ ಈ ಕಸರತ್ತು ಬೇಡ. ಅವುಗಳಲ್ಲಿ ಕವಲುಕಡ್ಡಿ ಮತ್ತು ಲಂಗರಿನ ನಡುವಿನ ಹಿಡಿತ ಬಿಗಿಯಾಗಿರದೆ ಜಾರುವಂತಿರುತ್ತದೆ. ಲೋಲಕವನ್ನು ಪೆಟ್ಟಿಗೆಯ ಗೋಡೆ ಮುಟ್ಟುವಷ್ಟು ಒಂದು ಬದಿಗೆ ಎಳೆದು ಬಿಟ್ಟರೆ, ಅಗಲವಾದ ಬೀಸಿಗೆ ಆ ಹಿಡಿತ ತಾನೇ ಸ್ವಲ್ಪ ಸ್ವಲ್ಪ ಜಾರಿ, ಕೆಲವು ನಿಮಿಷಗಳಲ್ಲಿ ಬೀಟ್ ಸಮವಾಗುತ್ತದೆ. ಮೊದಲಿಗೆ ಕುಂಟುತ್ತಿದ್ದ ಸದ್ದು ಬೀಸು ಇಳಿಯುತ್ತಾ ಹೋದಂತೆ ಸರಿಹೋಗುವುದನ್ನು ಕೇಳುವುದೇ ಒಂದು ಸುಖ. ನಿಮ್ಮದು ಯಾವ ಬಗೆ ಎಂದು ಗೊತ್ತಿಲ್ಲದಿದ್ದರೆ ಮೊದಲು ಇದನ್ನೇ ಪ್ರಯತ್ನಿಸಿ. ಕಾಗದದ ಪಟ್ಟಿ ಆಮೇಲೆ ಇದ್ದೇ ಇದೆ.

ಯಾವ ತೂಕ ಎಲ್ಲಿ

ಮೂರು ತೂಕಗಳಿರುವ ಗಡಿಯಾರದಲ್ಲಿ ಸಾಮಾನ್ಯವಾಗಿ ನಡುವಿನದು ಸಮಯವನ್ನು ನಡೆಸುತ್ತದೆ, ಎಡದ್ದು ಗಂಟೆ ಹೊಡೆಸುತ್ತದೆ, ಬಲದ್ದು ಕಾಲು ಗಂಟೆಗೊಮ್ಮೆ ನುಡಿಯುವ ರಾಗವನ್ನು ನಡೆಸುತ್ತದೆ. ಹೊರಗಿನಿಂದ ಮೂರೂ ಒಂದೇ ಹಿತ್ತಾಳೆ ಕೊಳವೆಗಳಂತೆ ಹೊಳೆಯುತ್ತವೆ. ಒಳಗಿನ ಭಾರ ಬೇರೆ. ರಾಗಕ್ಕೆ ಹೆಚ್ಚು ಸುತ್ತಿಗೆಗಳನ್ನು ಎತ್ತಬೇಕಾದ್ದರಿಂದ ಬಲದ್ದೇ ಸಾಮಾನ್ಯವಾಗಿ ಹೆಚ್ಚು ಭಾರ. ಗಡಿಬಿಡಿಯಲ್ಲಿ ಅದಲುಬದಲಾದರೆ ರಾಗ ಏದುಸಿರು ಬಿಡುತ್ತಾ ನಡುವೆಯೇ ನಿಲ್ಲುತ್ತದೆ. ತೂಕದ ತಳದಲ್ಲಿ ಎಡ, ನಡು, ಬಲ ಎಂಬ ಗುರುತಿರಬಹುದು, ನೋಡಿ. ಅದು ಗಡಿಯಾರದ ಎದುರು ನಿಂತವರ ಎಡ ಮತ್ತು ಬಲ. ಗುರುತಿಲ್ಲದಿದ್ದರೆ ತಕ್ಕಡಿಯಲ್ಲಿಟ್ಟು ನೋಡಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಬೆವರು ಹಿತ್ತಾಳೆಯ ಮೇಲೆ ಕಲೆಯಾಗಿ ಉಳಿಯುತ್ತದೆ.

ತೂಕ ಸರಿಯಿದ್ದೂ ಚಕ್ರಗಳು ಅಲುಗದಿದ್ದರೆ, ಟಾರ್ಚ್ ಹಿಡಿದು ಕೇಬಲ್ ಸುತ್ತಿರುವ ಉರುಳೆಗಳನ್ನು ನೋಡಿ. ಕೇಬಲ್‌ಗೆ ಸದಾ ಭಾರ ಬೇಕು. ಸಾಗಿಸುವಾಗ ತೂಕ ಕಳಚಿದ ಕೂಡಲೇ ಅದು ಸಡಿಲಾಗಿ, ಉರುಳೆಯ ಮೇಲೆ ಒಂದರ ಮೇಲೊಂದು ಏರಿ, ಕೆಲವೊಮ್ಮೆ ಉರುಳೆಯಿಂದಲೇ ಜಾರಿ ಪಕ್ಕದ ಅಚ್ಚಿಗೆ ಸಿಕ್ಕಿಕೊಂಡಿರುತ್ತದೆ. ತೂಕವಿಲ್ಲದಾಗ ಕೀಲಿ ತಿರುಗಿಸಿದರೆ ಆಗುವುದೂ ಇದೇ ಅನಾಹುತ. ಒಂದೆರಡು ಸುತ್ತು ಮೇಲೇರಿದ್ದರೆ ಕೇಬಲ್ ಅನ್ನು ಬೆರಳಿನಿಂದ ಬಿಗಿಯಾಗಿ ಎಳೆದು ಹಿಡಿದು ಸಾಲಾಗಿ ಕೂರಿಸಬಹುದು. ಅಚ್ಚಿಗೆ ಸುತ್ತಿಕೊಂಡಿದ್ದರೆ ಎಳೆದಾಡಬೇಡಿ. ಸರಪಳಿಯ ಗಡಿಯಾರಗಳಲ್ಲಿ ಕೊಂಡಿ ಹಲ್ಲಿನಿಂದ ಜಾರಿದೆಯೇ, ತಿರುಚಿಕೊಂಡಿದೆಯೇ ಎಂದು ನೋಡಿದರೆ ಸಾಕು.

ಇನ್ನೊಂದು ಸೂಕ್ಷ್ಮವಿದೆ. ಗಂಟೆ ಹೊಡೆಯುವ ಸದ್ದು ಬೇಡವೆಂದು ಆ ತೂಕವನ್ನು ನೇತುಹಾಕದೆ ಬಿಡುವವರಿದ್ದಾರೆ. ಹಳೆಯ ಅನೇಕ ಗಡಿಯಾರಗಳಲ್ಲಿ ಎಷ್ಟು ಗಂಟೆ ಹೊಡೆಯಬೇಕೆಂದು ಎಣಿಸಲು ಬಸವನಹುಳುವಿನ ಚಿಪ್ಪಿನಂತೆ ಮೆಟ್ಟಿಲುಗಳುಳ್ಳ ಒಂದು ಬಿಲ್ಲೆಯಿರುತ್ತದೆ. ಗಂಟೆಯಾದಾಗ ಒಂದು ಸನ್ನೆಕಡ್ಡಿ ಅದರ ಮೇಲೆ ಬೀಳುತ್ತದೆ, ಗಂಟೆ ಹೊಡೆಯುತ್ತಾ ಹೋದಂತೆ ಮೇಲಕ್ಕೆ ಸೇರುತ್ತದೆ. ಹೊಡೆಸುವ ತೂಕವೇ ಇಲ್ಲದಿದ್ದರೆ ಬಿದ್ದ ಕಡ್ಡಿ ಬಿದ್ದಲ್ಲೇ ಇರುತ್ತದೆ. ಹನ್ನೆರಡರ ಆಳವಾದ ಮೆಟ್ಟಿಲಿನಿಂದ ಒಂದರ ಎತ್ತರದ ಮೆಟ್ಟಿಲಿಗೆ ಬಿಲ್ಲೆ ತಿರುಗುವಾಗ ಕಡ್ಡಿ ಅಡ್ಡವಾಗಿ ಇಡೀ ಗಡಿಯಾರ ನಿಂತುಬಿಡುತ್ತದೆ. ದಿನವೂ ಹನ್ನೆರಡು ಮತ್ತು ಒಂದರ ನಡುವೆಯೇ ನಿಲ್ಲುವ ಗಡಿಯಾರಕ್ಕೆ ದೆವ್ವ ಹಿಡಿದಿಲ್ಲ, ಅದರ ತೂಕ ಕಪಾಟಿನಲ್ಲಿದೆ.

ಐದಾರು ದಿನ ಓಡಿ ನಿಂತರೆ

ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸುವ ತೊಂದರೆ ಇದು. ಬೀಟ್ ಸಮವಾಗಿದೆ, ಗಡಿಯಾರ ದಿನಗಟ್ಟಲೆ ಚೆನ್ನಾಗಿ ಓಡುತ್ತದೆ. ವಾರದ ನಡುವೆಯೋ ಕೊನೆಗೋ ಒಂದು ದಿನ ನಿಂತಿರುತ್ತದೆ. ಕೀಲಿ ಕೊಟ್ಟು ಹೊರಡಿಸಿದರೆ ಮುಂದಿನ ವಾರ ಹೆಚ್ಚುಕಡಿಮೆ ಅದೇ ದಿನಕ್ಕೆ ಮತ್ತೆ ನಿಲ್ಲುತ್ತದೆ. ನಿಂತಾಗ ಬಾಗಿಲು ತೆರೆದು ನೋಡಿ: ತೂಕಗಳು ಇಳಿದಿಳಿದು ಲೋಲಕದ ಬಿಲ್ಲೆಯ ಮಟ್ಟಕ್ಕೆ ಬಂದಿರುತ್ತವೆ.

ನೇತಾಡುವ ಯಾವ ವಸ್ತುವಿಗೂ ಅದರದ್ದೇ ತೂಗಾಟದ ಲಯವಿದೆ, ಅದನ್ನು ನಿರ್ಧರಿಸುವುದು ನೇತುಬಿದ್ದ ಉದ್ದ. ಮೇಲಿರುವಾಗ ತೂಕ ನೇತಾಡುವ ಉದ್ದ ಚಿಕ್ಕದು, ಲಯ ಚುರುಕು. ಇಳಿಯುತ್ತಾ ಲೋಲಕದಷ್ಟೇ ಉದ್ದವಾದಾಗ ಎರಡರ ಲಯವೂ ಒಂದೇ ಆಗುತ್ತದೆ. ಆಗ ಪೆಟ್ಟಿಗೆ ಗೋಡೆಗೆ ಭದ್ರವಾಗಿಲ್ಲದಿದ್ದರೆ, ಲೋಲಕದ ಬೀಸಿಗೆ ಪೆಟ್ಟಿಗೆ ಕಣ್ಣಿಗೆ ಕಾಣದಷ್ಟು ಅಲುಗುತ್ತದೆ, ಆ ಅಲುಗಾಟ ತೂಕಗಳನ್ನು ತೂಗತೊಡಗುತ್ತದೆ, ತೂಕಗಳು ಲೋಲಕದ ಕಸುವನ್ನೇ ಕದಿಯುತ್ತವೆ. ಎರಡು ಲೋಲಕಗಳು ಹೀಗೆ ಗುಟ್ಟಾಗಿ ಮಾತಾಡಿಕೊಳ್ಳುವುದನ್ನು ಮೊದಲು ಗಮನಿಸಿದವರೂ ಹೈಗನ್ಸ್ ಅವರೇ. 1665ರಲ್ಲಿ ಕಾಯಿಲೆ ಬಿದ್ದು ಮಲಗಿದ್ದಾಗ, ಒಂದೇ ಆಸರೆಗೆ ತೂಗುಹಾಕಿದ್ದ ಎರಡು ಗಡಿಯಾರಗಳ ಲೋಲಕಗಳು ಹೇಗೆ ಶುರು ಮಾಡಿದರೂ ಅರ್ಧ ಗಂಟೆಯೊಳಗೆ ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ ಎಂಬಂತೆ ಜೊತೆಗೂಡುತ್ತಿದ್ದುದನ್ನು ಅವರು ಕಂಡರು. ಅವರ ಕೋಣೆಯಲ್ಲಿ ಕುತೂಹಲ ಹುಟ್ಟಿಸಿದ್ದು ನಿಮ್ಮ ಕೋಣೆಯಲ್ಲಿ ಗಡಿಯಾರ ನಿಲ್ಲಿಸುತ್ತಿದೆ.

ಮದ್ದು ಸುಲಭ. ಪೆಟ್ಟಿಗೆಯ ಎರಡು ಹೆಗಲನ್ನು ಹಿಡಿದು ಮೆಲ್ಲಗೆ ಅಲುಗಿಸಿ ನೋಡಿ. ಮಿಸುಕಿದರೆ ಗೋಡೆಗೆ ಬಿಗಿಯಬೇಕು. ಹಳೆಯ ಪೆಟ್ಟಿಗೆಗಳ ಬೆನ್ನಹಲಗೆಯಲ್ಲಿ ಇದಕ್ಕೆಂದೇ ಸ್ಕ್ರೂ ತೂತುಗಳಿರುತ್ತವೆ. ಗೋಡೆಗೂ ಪೆಟ್ಟಿಗೆಗೂ ನಡುವೆ ಸಂದಿಯಿದ್ದರೆ ಅಷ್ಟೇ ದಪ್ಪದ ಮರದ ಚಕ್ಕೆಯೊಂದನ್ನು ನಡುವೆ ಇಟ್ಟು ಬಿಗಿಯಿರಿ. ದಪ್ಪ ಕಾರ್ಪೆಟ್ ಈ ಗಡಿಯಾರಕ್ಕೆ ಕೆಸರುಗದ್ದೆ ಇದ್ದಂತೆ. ಅದರ ಮೇಲೆ ಇಡಲೇಬೇಕೆಂದಿದ್ದರೆ ಕೆಳಗೆ ಗಟ್ಟಿ ಹಲಗೆಯಿರಲಿ. ಹೊಸದಾಗಿ ಇಟ್ಟ ಪೆಟ್ಟಿಗೆ ಭಾರಕ್ಕೆ ತಾನೇ ಇಳಿದು ಕೂರುವುದರಿಂದ, ಒಂದೆರಡು ವಾರದ ಮೇಲೆ ಬೀಟ್ ಅನ್ನು ಇನ್ನೊಮ್ಮೆ ಕೇಳಿ, ಗೋಡೆಗೆ ಬಿಗಿಯುವುದನ್ನು ಆ ಬಳಿಕ ಪೂರ್ತಿ ಮಾಡುವುದು ಜಾಣತನ. ಅಷ್ಟರ ತನಕ ಓಡಾಡುವ ಮಕ್ಕಳಿರುವ ಮನೆಯಲ್ಲಿ ತಾತ್ಕಾಲಿಕವಾಗಿಯಾದರೂ ಒಂದು ಆಸರೆ ಬೇಕೇ ಬೇಕು. ತೂಕಗಳು ಸೇರಿ ಅದು ಬೀಳುವ ವಸ್ತುವಲ್ಲ, ಬೀಳಿಸುವ ವಸ್ತು.

ಉಳಿದ ಸಣ್ಣಪುಟ್ಟವು

ಲೋಲಕ ನೇತಾಡುವುದು ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯಿಂದ. ಲೋಲಕ ಕಳಚದೆ ಗಡಿಯಾರವನ್ನು ಹೊತ್ತೊಯ್ದಿದ್ದರೆ ಮೊದಲು ಪೆಟ್ಟು ತಿನ್ನುವುದು ಈ ಪಟ್ಟಿಯೇ. ಲೋಲಕ ಎಡಬಲಕ್ಕೆ ಬೀಸುವ ಬದಲು ಹಾವಿನಂತೆ ನುಲಿಯುತ್ತಾ ತೂಗಿದರೆ ಪಟ್ಟಿ ಮಡಿಚಿದೆ ಅಥವಾ ಸೀಳಿದೆ ಎಂದು ತಿಳಿಯಿರಿ. ನೆಟ್ಟಗೆ ಮಾಡುವ ಗೋಜಿಗೆ ಹೋಗದೆ ಅದೇ ಅಳತೆಯ ಹೊಸದನ್ನು ಹಾಕಿಸಿ. ಲೋಲಕದ ಸರಳು ಕವಲಿನೊಳಗೇ ಕೂತಿದೆಯೇ, ಬಿಲ್ಲೆ ತೂಕಗಳಿಗಾಗಲಿ ಹಿಂಬದಿಯ ಹಲಗೆಗಾಗಲಿ ಸವರುತ್ತಿದೆಯೇ ಎಂದೂ ನೋಡಿ. ಪೆಟ್ಟಿಗೆ ಹಿಂದಕ್ಕೆ ಒರಗಿದ್ದರೆ ಈ ಸವರಾಟ ಸಾಮಾನ್ಯ. ನಿಮಿಷದ ಮುಳ್ಳು ಗಂಟೆಯ ಮುಳ್ಳಿಗೋ ಗಾಜಿಗೋ ತಾಗುತ್ತಿದ್ದರೆ, ಅವೆರಡೂ ಒಂದರ ಮೇಲೊಂದು ಬರುವ ಹೊತ್ತಿಗೆ ಗಡಿಯಾರ ನಿಲ್ಲುತ್ತದೆ. ನಿಂತ ಸಮಯವೇ ಅದನ್ನು ಹೇಳಿಬಿಡುತ್ತದೆ.

ಗಡಿಯಾರ ಓಡುತ್ತಿದೆ, ಆದರೆ ಸದ್ದಿಲ್ಲ ಎಂದರೆ ಗಾಬರಿಗೆ ಮುನ್ನ ಡಯಲ್ ಪಕ್ಕದ ಸನ್ನೆಯನ್ನು ನೋಡಿ. ಸಾಗಿಸುವಾಗ ಅದು ಮೌನದ ಕಡೆಗೆ ಸರಿದಿರಬಹುದು, ಎರಡು ಗುರುತುಗಳ ನಡುವೆ ಸಿಕ್ಕಿಕೊಂಡಿರಲೂಬಹುದು. ಸುತ್ತಿಗೆಗಳು ಅಲುಗದಂತೆ ತುರುಕಿದ್ದ ಸ್ಪಂಜನ್ನು ತೆಗೆಯಲು ಮರೆತು ತಲೆ ಕೆಡಿಸಿಕೊಂಡವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಠಣ್ ಎನ್ನಬೇಕಾದ್ದು ಡಬ್ ಎಂದರೆ ಸುತ್ತಿಗೆ ಹೊಡೆದ ಮೇಲೂ ನಾದ ಹೊರಡಿಸುವ ಸರಳಿಗೆ ಅಂಟಿಕೊಂಡೇ ಇದೆ. ಅದರ ತಂತಿಯನ್ನು ಸ್ವಲ್ಪ ಬಾಗಿಸಿ, ಸುಮ್ಮನಿರುವಾಗ ಸರಳಿನಿಂದ ಎರಡು ಮೂರು ಮಿಲಿಮೀಟರ್ ದೂರ ನಿಲ್ಲುವಂತೆ ಮಾಡಿ. ಸರಳುಗಳನ್ನು ಮಾತ್ರ ಬಾಗಿಸಬೇಡಿ, ಬುಡದಲ್ಲಿ ಪಟ್ಟನೆ ಮುರಿಯುತ್ತವೆ. ಮುಳ್ಳು ಮೂರರಲ್ಲಿದ್ದು ಐದು ಗಂಟೆ ಹೊಡೆದರೆ, ಬಹುಪಾಲು ಹೊಸ ಗಡಿಯಾರಗಳಲ್ಲಿ ಗಂಟೆಯ ಮುಳ್ಳನ್ನೇ ಕೈಯಿಂದ ಐದಕ್ಕೆ ಸರಿಸಬಹುದು, ಅದು ಬಿಗಿಹಿಡಿತದಲ್ಲಷ್ಟೇ ಕೂತಿರುತ್ತದೆ. ಬಳಿಕ ನಿಮಿಷದ ಮುಳ್ಳನ್ನು ಮುಂದಕ್ಕೆ ತಿರುಗಿಸುತ್ತಾ, ಪ್ರತಿ ಸಲ ಗಂಟೆ ಹೊಡೆದು ಮುಗಿಯುವ ತನಕ ಕಾದು, ಸರಿಯಾದ ಸಮಯಕ್ಕೆ ತನ್ನಿ. ಕಾಲು ಗಂಟೆಯ ರಾಗ ತಪ್ಪಿದ್ದರೆ ಒಂದೆರಡು ಗಂಟೆ ಸುಮ್ಮನಿರಿ, ಬಹಳಷ್ಟು ಯಂತ್ರಗಳು ತಾವೇ ತಿದ್ದಿಕೊಳ್ಳುತ್ತವೆ.

ಓಡುತ್ತದೆ, ಆದರೆ ಹಿಂದೆ ಬೀಳುತ್ತದೆ

ಎಲ್ಲವೂ ಸರಿಹೋದ ಮೇಲೂ ಹೊಸ ಜಾಗದಲ್ಲಿ ಗಡಿಯಾರ ಮುಂದೆಯೋ ಹಿಂದೆಯೋ ಹೋಗುವುದು ಸಹಜ. 1672ರಲ್ಲಿ ಜಾನ್ ರಿಶೆ ಎಂಬ ಖಗೋಳಜ್ಞ ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದ ಲೋಲಕ ಗಡಿಯಾರವನ್ನು ದಕ್ಷಿಣ ಅಮೆರಿಕದ ಕಯೆನ್‌ಗೆ ಒಯ್ದಾಗ ಅದು ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ದೋಷ ಗಡಿಯಾರದ್ದಲ್ಲ, ಭೂಮಿಯದು. ಸಮಭಾಜಕದ ಹತ್ತಿರ ಗುರುತ್ವ ತುಸು ಕಡಿಮೆ, ಲೋಲಕ ತುಸು ನಿಧಾನ. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಚಪ್ಪಟೆ ಎಂಬ ನ್ಯೂಟನ್ನರ ವಾದಕ್ಕೆ ಈ ಎರಡೂವರೆ ನಿಮಿಷವೂ ಸಾಕ್ಷಿಯಾಯಿತು. ನಿಮ್ಮ ಮನೆ ಬದಲಾವಣೆ ಅಷ್ಟು ದೂರದ್ದಿರಲಾರದು, ಆದರೆ ಕಡಲ ಮಟ್ಟದಿಂದ ಸಾವಿರ ಮೀಟರ್ ಎತ್ತರಕ್ಕೆ ಬಂದಿದ್ದರೂ ದಿನಕ್ಕೆ ಹತ್ತು ಸೆಕೆಂಡಿನ ಆಸುಪಾಸು ಹಿಂದೆ ಬೀಳುತ್ತದೆ. ಸೆಕೆ ಕೂಡ ಕೈಯಾಡಿಸುತ್ತದೆ: ಉಕ್ಕಿನ ಸರಳಿನ ಲೋಲಕ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ದಿನಕ್ಕೆ ಅರ್ಧ ಸೆಕೆಂಡಿನಷ್ಟು ನಿಧಾನವಾಗುತ್ತದೆ.

ಇದನ್ನು ಸರಿಪಡಿಸುವುದು ಬಿಲ್ಲೆಯ ಕೆಳಗಿನ ನಟ್. ಬಿಲ್ಲೆ ಮೇಲೇರಿದರೆ ಗಡಿಯಾರ ಚುರುಕು, ಇಳಿದರೆ ನಿಧಾನ. ಒಂದು ಸೆಕೆಂಡಿಗೆ ಒಂದು ಬೀಸು ಹಾಕುವ ಲೋಲಕದ ಉದ್ದ 99.4 ಸೆಂಟಿಮೀಟರ್. ಅದರಲ್ಲಿ ಒಂದೇ ಮಿಲಿಮೀಟರ್ ಬದಲಾದರೂ ದಿನಕ್ಕೆ ಸುಮಾರು 43 ಸೆಕೆಂಡಿನ ವ್ಯತ್ಯಾಸ. ಹಾಗಾಗಿ ಲೋಲಕವನ್ನು ನಿಲ್ಲಿಸಿ, ಬಿಲ್ಲೆ ತಿರುಚದಂತೆ ಒಂದು ಕೈಯಲ್ಲಿ ಹಿಡಿದು, ನಟ್ ಅನ್ನು ಅರ್ಧ ಸುತ್ತು ತಿರುಗಿಸಿ, ಎರಡು ದಿನ ಸುಮ್ಮನಿರಿ. ಗಂಟೆಗೊಮ್ಮೆ ಹೋಗಿ ತಿರುಗಿಸುವವರ ಗಡಿಯಾರ ಎಂದೂ ಸರಿಯಾದ ಸಮಯ ತೋರಿಸುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ನಿಲ್ಲುತ್ತದೆಯೇ? ಆಗ ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಯ ಕಡೆಗೆ ಕೈ ಚಾಚಬೇಡಿ. ಅದು ಅಚ್ಚುಗಳ ತುದಿಯಲ್ಲಿ ಉಳಿದಿರುವ ಒಳ್ಳೆಯ ಎಣ್ಣೆಯನ್ನೂ ತೊಳೆದು, ಧೂಳನ್ನು ಅಂಟಿನಂತೆ ಹಿಡಿದಿಡುತ್ತದೆ. ಹಲ್ಲುಗಳಿಗೆ ಎಣ್ಣೆಯೇ ಬೇಕಿಲ್ಲ. ಹಳೆಯ ಮನೆಯಲ್ಲಿದ್ದಾಗಲೇ ಎಣ್ಣೆ ಒಣಗಿ, ಅಚ್ಚಿನ ತೂತು ಸವೆದು, ಇದ್ದಬದ್ದ ಕಸುವಿನಲ್ಲಿ ಹೇಗೋ ಓಡುತ್ತಿದ್ದ ಗಡಿಯಾರಗಳೂ ಇರುತ್ತವೆ. ಸಾಗಣೆ ಅವಕ್ಕೆ ನೆಪವಷ್ಟೇ. ಅಂಥದ್ದನ್ನು ಬಿಚ್ಚಿ ತೊಳೆಯುವುದು ಗಡಿಯಾರ ರಿಪೇರಿಯವರ ಕೆಲಸ. ಅವರು ಬರುವ ತನಕ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿ, ಪ್ರತಿ ಸಲ ನಿಂತಾಗ ಮೂರು ಸಂಗತಿ ಬರೆದಿಡಿ: ಮುಳ್ಳುಗಳು ಎಷ್ಟು ಗಂಟೆ ತೋರಿಸುತ್ತಿದ್ದವು, ತೂಕಗಳು ಎಷ್ಟು ಕೆಳಗಿದ್ದವು, ಕೀಲಿ ಕೊಟ್ಟು ಎಷ್ಟು ದಿನವಾಗಿತ್ತು. ಯಂತ್ರ ಬಿಚ್ಚುವ ಮೊದಲು ಅವರು ಕೇಳುವುದು ಇದನ್ನೇ.